ಗಾಳಿಯಲ್ಲಿ ಊರಿಗೂ ಪಾಲಿರಲಿ

ಕೇಂದ್ರ ಸರ್ಕಾರ 2024ರ ಜೂನ್‌ನಲ್ಲಿ ಕಡಲ ಗಾಳಿಯ ವಿದ್ಯುತ್ತಿಗೆ ₹7,453 ಕೋಟಿ ನೆರವಿನ ಯೋಜನೆಯನ್ನು ಒಪ್ಪಿತು. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ತಲಾ 500 ಮೆಗಾವಾಟ್ ಗುರಿ. ನಾನು ವಿಜಯಪುರ ಜಿಲ್ಲೆಯ ಮನಗೂಳಿಯ ಒಕ್ಕಲಿಗ. ಕಡಲು ನಮಗೆ ದೂರ, ಗಾಳಿ ದೂರವಲ್ಲ. 2024–25ರಲ್ಲಿ ಹೊಸ ಪವನ ವಿದ್ಯುತ್ ಸಾಮರ್ಥ್ಯ ಸೇರಿಸುವುದರಲ್ಲಿ 1,331 ಮೆಗಾವಾಟ್‌ನೊಂದಿಗೆ ದೇಶಕ್ಕೇ ಮೊದಲು ಬಂದದ್ದು ಕರ್ನಾಟಕ. ಅಷ್ಟೂ ನೆಲದ ಮೇಲಿನ ಗಾಳಿ.

ಕಡಲ ಗಾಳಿ ಹೆಚ್ಚು ಬಿರುಸು, ಹೆಚ್ಚು ಸ್ಥಿರ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ಆದರೆ ನೀರೊಳಗಿನ ಅಡಿಪಾಯ, ಹಡಗು, ಕೇಬಲ್ಲುಗಳ ಖರ್ಚು ವಿಪರೀತ. ಅದಕ್ಕೇ 2015ರಲ್ಲಿ ನೀತಿ ಬಂದು ಹತ್ತು ವರ್ಷವಾದರೂ ನಮ್ಮ ಕಡಲಿನಿಂದ ವಿದ್ಯುತ್ ಬಂದಿರಲಿಲ್ಲ. ಸರ್ಕಾರ ನೆರವು ಕೊಡಲಿ, ನನ್ನ ತಕರಾರಿಲ್ಲ. ಆದರೆ ಕಡಲ ಗಾಳಿಯನ್ನು ಮೊದಲು ಹಿಡಿದ ಡೆನ್ಮಾರ್ಕ್‌ನಿಂದ ಯಂತ್ರದ ಜತೆಗೆ ಇನ್ನೊಂದನ್ನೂ ಕಲಿಯಬೇಕು. 2000ದಲ್ಲಿ ಕೋಪನ್‌ಹೇಗನ್ ಎದುರಿನ ಮಿಡೆಲ್‌ಗ್ರುಂಡೆನ್‌ನಲ್ಲಿ 20 ಯಂತ್ರಗಳು ನಿಂತಾಗ ಅರ್ಧ ಒಡೆತನ ಎಂಟು ಸಾವಿರಕ್ಕೂ ಹೆಚ್ಚು ಸಾಮಾನ್ಯರ ಸಹಕಾರ ಸಂಘದ್ದಾಗಿತ್ತು. ಹೊಸ ಗಾಳಿ ಯೋಜನೆಯ ಕನಿಷ್ಠ ಶೇ 20 ಷೇರನ್ನು ಸುತ್ತಲಿನ ನಿವಾಸಿಗಳ ಮುಂದಿಡಬೇಕೆಂಬ ಕಾನೂನೂ ಅಲ್ಲಿ ಹಲವು ವರ್ಷ ಜಾರಿಯಲ್ಲಿತ್ತು.

ನಮ್ಮಲ್ಲಿ? ಜೋಳ, ತೊಗರಿ ಬೆಳೆಯುವ ಎರಿ ಹೊಲಕ್ಕೆ ಮೊದಲು ಬರುವವನು ದಲ್ಲಾಳಿ. ಕರಾರು ಇಂಗ್ಲಿಷಿನಲ್ಲಿ. ನನಗೆ ಹೇಳಿದ ದರವೇ ಬೇರೆ, ಬದುವಿನಾಚೆಯವರಿಗೆ ಹೇಳಿದ್ದೇ ಬೇರೆ. ರೆಕ್ಕೆ ಹೊತ್ತ ಟ್ರೇಲರ್ ತಿರುಗಲೆಂದು ಒಡೆದ ಬದುವನ್ನು ಮತ್ತೆ ಕಟ್ಟಿಸಿದ್ದು ನಮ್ಮದೇ ದುಡ್ಡಿನಲ್ಲಿ. ಕಂಬ ನಿಂತ ಹೊಲದವನಿಗೆ ಒಂದಿಷ್ಟು ಹಣ ಬಂದೀತು. ಪಕ್ಕದ ಹೊಲದವನಿಗೆ ಸದ್ದು, ದೂಳು ಮಾತ್ರ. ಯಂತ್ರ ಹಗಲಿರುಳು ತಿರುಗುತ್ತದೆ, ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರಲೆಂದು ನಾವು ನಡುರಾತ್ರಿ ಕಾಯುತ್ತೇವೆ.

ಆಲಮಟ್ಟಿ ಜಲಾಶಯಕ್ಕೆ ಊರು, ಹೊಲ ಬಿಟ್ಟುಕೊಟ್ಟದ್ದು ಈ ಸೀಮೆ. ಕೂಡಗಿಯ 2,400 ಮೆಗಾವಾಟ್ ಉಷ್ಣ ಸ್ಥಾವರಕ್ಕೆ ಭೂಮಿ ಕೊಟ್ಟದ್ದೂ ಇದೇ ಸೀಮೆ. ಮೂರನೆಯ ಸಲವೂ ಬರೀ ಜಾಗ ಕೊಟ್ಟು ಕೈಕಟ್ಟಿ ಕೂರಬಾರದು.

ಪಾಲುದಾರಿಕೆ ನಮಗೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಹುಟ್ಟಿದ್ದು ಗದಗ ಬಳಿಯ ಕಣಗಿನಹಾಳದಲ್ಲಿ; ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅದೇ ಗದಗ ಸೀಮೆಯಲ್ಲೂ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಸಾಲಕ್ಕೆ ಸಂಘ ಕಟ್ಟಿದ ನಾಡು ಗಾಳಿಗೂ ಕಟ್ಟಬಲ್ಲದು.

ರಾಜ್ಯ ಸರ್ಕಾರ ಮೂರು ಕೆಲಸ ಮಾಡಲಿ. ಗುತ್ತಿಗೆ ಕರಾರು ಕನ್ನಡದಲ್ಲಿರಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಬಾಡಿಗೆ ಉತ್ಪಾದನೆಯಾದ ಯೂನಿಟ್ಟಿಗೆ ತಕ್ಕಂತೆ ಏರಬೇಕು. ಪ್ರತಿ ಹೊಸ ಯೋಜನೆಯಲ್ಲಿ ಐದನೇ ಒಂದು ಪಾಲು ಸುತ್ತಲಿನ ಹಳ್ಳಿಗಳ ಸಹಕಾರ ಸಂಘಕ್ಕೆ ಸಿಗಬೇಕು. ಷೇರು ಕೊಳ್ಳಲು ಡಿಸಿಸಿ ಬ್ಯಾಂಕುಗಳು ಸಾಲ ಕೊಡಲಿ. ರೈತ ಬಂಧುಗಳೇ, ಅಲ್ಲಿಯವರೆಗೆ ಯಾವ ಕರಾರಿಗೂ ಒಬ್ಬೊಬ್ಬರೇ ಸಹಿ ಹಾಕಬೇಡಿ. ಊರೆಲ್ಲ ಕೂಡಿ ಕೂತು ಓದಿ, ಆಮೇಲೆ ಸಹಿ ಹಾಕಿ.