ಮೂವತ್ತು ದಿನದ ಕೈಗಡ

ಇಂಟರ್‌ವ್ಯೂಗೆ ಹೋಗುವ ಹಿಂದಿನ ರಾತ್ರಿ ಅಣ್ಣನ ಮಗ ಕಂಪನಿಯನ್ನು ಬಾಯಿಪಾಠ ಮಾಡುತ್ತಿದ್ದ. ಶುರುವಾದ ವರ್ಷ, ಕಟ್ಟಿದವರು ಓದಿದ ಕಾಲೇಜು, ಎಷ್ಟು ಊರಲ್ಲಿ ಕಚೇರಿ, ಕೊನೆಗೆ ಅವರ ಧ್ಯೇಯವಾಕ್ಯ. ಹೈಸ್ಕೂಲಿನಲ್ಲಿ ಕದಂಬರ ವಂಶಾವಳಿ ಉರು ಹೊಡೆದ ಹಾಗೆಯೇ. “ಅವರಿಗೆ ದುಡ್ಡು ಎಲ್ಲಿಂದ ಬರುತ್ತೋ?” ಅಂದೆ. “ಅದನ್ನೆಲ್ಲ ಕೇಳಲ್ಲ ಚಿಕ್ಕಪ್ಪ” ಅಂದ. ಅವರು ಕೇಳುವುದಿಲ್ಲ, ನಿಜ. ಅದು ಅವನು ಕೇಳಬೇಕಾದ ಪ್ರಶ್ನೆ.

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿಕೊಂಡೇ ತಲೆ ನರೆಸಿಕೊಂಡವನು. ಹಾಗಾಗಿ ನೌಕರಿಯೂ ನನ್ನ ಕಣ್ಣಿಗೆ ಲೇವಾದೇವಿಯಂತೆಯೇ ಕಾಣುತ್ತದೆ. ಇಲ್ಲಿ ಮೊದಲು ದುಡಿತ, ಆಮೇಲೆ ದುಡ್ಡು. ಜೂನ್ ಒಂದಕ್ಕೆ ಕೆಲಸಕ್ಕೆ ಕೂತವನಿಗೆ ಜುಲೈ ಏಳರವರೆಗೆ ಕಾಸು ಬಾರದಿದ್ದರೂ ಕಾನೂನು ತಪ್ಪೆನ್ನುವುದಿಲ್ಲ. ಅಷ್ಟು ದಿನ ಅವನು ಕಂಪನಿಗೆ ಕೈಗಡ ಕೊಟ್ಟಿರುತ್ತಾನೆ, ಬಡ್ಡಿಯಿಲ್ಲದೆ, ಪತ್ರವಿಲ್ಲದೆ. ಗ್ರಾಚ್ಯುಟಿಗಾದರೆ ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಕಂಪನಿ ಮುಳುಗಿದ ದಿನ ಕಾನೂನೇ ಬಾಯಿಬಿಟ್ಟು ಅವನನ್ನು ಸಾಲ ಕೊಟ್ಟವರ ಜೊತೆ ನಿಲ್ಲಿಸುತ್ತದೆ. 2016ರ ದಿವಾಳಿ ಸಂಹಿತೆಯ ಪ್ರಕಾರ ಆಸ್ತಿ ಮಾರಿ ಹಂಚುವಾಗ ಕಾರ್ಮಿಕರ 24 ತಿಂಗಳ ಬಾಕಿಗೆ ಅಡವು ಇಟ್ಟುಕೊಂಡ ಬ್ಯಾಂಕಿನ ಪಕ್ಕದಲ್ಲೇ ಜಾಗ. ಉಳಿದ ನೌಕರರ 12 ತಿಂಗಳ ಬಾಕಿ ಅವರ ಹಿಂದೆ. ಟೈ ಕಟ್ಟಿದ ಮ್ಯಾನೇಜರು ನಿಲ್ಲುವುದು ಈ ಹಿಂದಿನವರ ಜೊತೆ.

ಒಂದು ಲಕ್ಷ ಸಾಲ ಕೊಡುವ ಮುಂಚೆ ನಾವು ಅಂಗಡಿಗೆ ಹೋಗಿ ದಾಸ್ತಾನು ಎಣಿಸುತ್ತಿದ್ದೆವು. ವರ್ಷಗಟ್ಟಲೆ ಆಯುಸ್ಸು ಕೊಡುವವನು ಧ್ಯೇಯವಾಕ್ಯ ಓದಿ ಸುಮ್ಮನಾಗುತ್ತಾನೆ. ನೋಡಬೇಕೆಂದರೆ ಏನೂ ಮುಚ್ಚಿಟ್ಟಿಲ್ಲ. ನೋಂದಾಯಿತ ಕಂಪನಿಯ ಲೆಕ್ಕಪತ್ರವನ್ನು ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ನೂರು ರೂಪಾಯಿ ಕಟ್ಟಿ ಯಾರು ಬೇಕಾದರೂ ನೋಡಬಹುದು. ಅದಕ್ಕಿಂತ ನನಗೆ ಇಷ್ಟವಾದದ್ದು ಪಿಎಫ್ ಸಂಸ್ಥೆಯ ಜಾಲತಾಣ. ಸಂಸ್ಥೆಯ ಹೆಸರು ಹಾಕಿದರೆ ಯಾವ ತಿಂಗಳು, ಎಷ್ಟು ಜನರಿಗೆ, ಯಾವ ತಾರೀಖಿಗೆ ಹಣ ಕಟ್ಟಿದ್ದಾರೆ ಎಂಬುದು ಬಿಟ್ಟಿಯಾಗಿ ಸಿಗುತ್ತದೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ್ದನ್ನು ಮೂರು ತಿಂಗಳು ಎಳೆಯುತ್ತಿದ್ದರೆ, ಅಥವಾ ತಲೆಗಳ ಎಣಿಕೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ, ಬಣ್ಣಬಣ್ಣದ ಜಾಹೀರಾತು ಹೇಳದ್ದು ಅಲ್ಲಿ ಗೊತ್ತಾಗುತ್ತದೆ. ಪಿಎಫ್ ವಿಷಯದಲ್ಲಿ ಓದಿದವರಿಗಿಂತ ಗಾರ್ಮೆಂಟ್ಸ್ ಹೆಂಗಸರು ಹುಷಾರು. ಹಣ ತೆಗೆಯುವ ನಿಯಮ ಬದಲಾಯಿತೆಂದು 2016ರ ಏಪ್ರಿಲ್‌ನಲ್ಲಿ ಸಾವಿರಾರು ಮಂದಿ ಬೆಂಗಳೂರಿನ ರಸ್ತೆಗಿಳಿದರು. ಸರ್ಕಾರ ಆ ನಿಯಮ ಹಿಂತೆಗೆದುಕೊಂಡಿತು. ತಮ್ಮ ದುಡ್ಡು ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ಬೆಂಗಳೂರಿನದೇ ಬೈಜೂಸ್ ಕಂಪನಿ ನೋಡಿ. 2021ರ ಮಾರ್ಚಿಗೆ ಮುಗಿದ ವರ್ಷದ ಲೆಕ್ಕ ಹೊರಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಷ್ಟ ನಾಲ್ಕೂವರೆ ಸಾವಿರ ಕೋಟಿಗೂ ಹೆಚ್ಚು. 2023ರ ಜೂನ್‌ನಲ್ಲಿ ಲೆಕ್ಕ ಪರಿಶೋಧಕರು ರಾಜೀನಾಮೆ ಕೊಟ್ಟರು. ಸಂಬಳ ತಡವಾದ ಸುದ್ದಿ ಬಂದದ್ದು ಅದಾದ ಮೇಲೆ. ನಷ್ಟದ ಮೊತ್ತ ನೋಡಿ ಹೆದರಬೇಕಿರಲಿಲ್ಲ, ಬೆಳೆಯುವ ಕಂಪನಿ ನಷ್ಟ ಮಾಡುತ್ತದೆ. ಲೆಕ್ಕ ಒಪ್ಪಿಸಲು ಹಿಡಿದ ಕಾಲ ನೋಡಿ ಹೆದರಬೇಕಿತ್ತು. ನನ್ನ ಅನುಭವದಲ್ಲಿ ಪುಸ್ತಕ ತರಲು ತಡ ಮಾಡುವ ಗಿರಾಕಿ ಕಂತು ಕಟ್ಟಲೂ ತಡ ಮಾಡುತ್ತಿದ್ದ. ಕಿಂಗ್‌ಫಿಷರ್ ಏರ್‌ಲೈನ್ಸ್ ಕಥೆ ಇನ್ನೂ ನೇರ. 2005ರಲ್ಲಿ ಹಾರಿ 2012ರ ಅಕ್ಟೋಬರ್‌ನಲ್ಲಿ ನಿಂತ ವಿಮಾನ ಸಂಸ್ಥೆ ಅಷ್ಟೂ ಕಾಲ ಲಾಭದ ಮುಖ ನೋಡಲಿಲ್ಲ. ನಿಲ್ಲುವ ಹೊತ್ತಿಗೆ ಸಿಬ್ಬಂದಿಗೆ ಹಲವು ತಿಂಗಳ ಸಂಬಳ ಬಾಕಿ ಇತ್ತು. ಕಿಂಗ್‌ಫಿಷರ್ ಕ್ಯಾಲೆಂಡರಿನ ಥಳುಕು ಎಲ್ಲರಿಗೂ ನೆನಪಿದೆ. ಬ್ಯಾಲೆನ್ಸ್ ಶೀಟ್ ಯಾರಿಗೆ ನೆನಪಿದೆ?

ಕಾಗದವೇ ಸುಳ್ಳು ಹೇಳಿದರೆ ಎಂದು ನೀವು ಕೇಳಬಹುದು. ಹೇಳುತ್ತದೆ. ಸತ್ಯಂ ಕಂಪ್ಯೂಟರ್ಸ್‌ಗೆ ಉತ್ತಮ ಆಡಳಿತಕ್ಕೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದದ್ದು 2008ರಲ್ಲಿ. 2009ರ ಜನವರಿ 7ರಂದು ಅದರ ಅಧ್ಯಕ್ಷರೇ ಐದು ಸಾವಿರ ಕೋಟಿಗೂ ಮೀರಿದ ನಗದು ಬರೀ ಪುಸ್ತಕದಲ್ಲಿದೆ ಎಂದು ಒಪ್ಪಿಕೊಂಡರು. ಯಾವ ಹುಡುಗ ಎಷ್ಟು ಓದಿದ್ದರೂ ಅದನ್ನು ಹಿಡಿಯಲಾಗುತ್ತಿರಲಿಲ್ಲ, ದೊಡ್ಡ ಆಡಿಟರುಗಳೇ ಹಿಡಿಯಲಿಲ್ಲ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಒಬ್ಬ ಗಿರಾಕಿ ಖೋಟಾ ಪತ್ರ ತಂದನೆಂದು ನಾವು ಉಳಿದವರ ಪತ್ರ ನೋಡುವುದನ್ನು ಬಿಡಲಿಲ್ಲ ಎಂದಷ್ಟೇ ಹೇಳಬಲ್ಲೆ.

ಇಷ್ಟಾದರೂ ಒಂದು ಕಂಪನಿಯನ್ನು ತೂಗುವುದು ಸುಲಭ; ಇಡೀ ಉದ್ಯಮವನ್ನು ತೂಗುವುದು ಕಷ್ಟ. 1987ರ ಬೆಂಗಳೂರಿನಲ್ಲಿ ಕೈಗಡಿಯಾರದ ಕೆಲಸ ಕಲಿತ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಒಂದು ಕಡೆ ಎಚ್ಎಂಟಿ: ಸರ್ಕಾರದ ಕಾರ್ಖಾನೆ, 1961ರಿಂದ ಸಿಟಿಜನ್ ಸಹಯೋಗದಲ್ಲಿ ಗಡಿಯಾರ ಮಾಡಿ ದೇಶದ ಮಣಿಕಟ್ಟನ್ನೆಲ್ಲ ಆಳಿದ ಹೆಸರು. ಇನ್ನೊಂದು ಕಡೆ ಗಡಿಯಾಚೆ ಹೊಸೂರಿನಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಸಂಸ್ಥೆಯೂ ಸೇರಿ ಆಗಷ್ಟೇ ತೆರೆದ ಟೈಟಾನ್. ಮನೆಯ ಹಿರಿಯರೆಲ್ಲ ಎಚ್ಎಂಟಿ ಎನ್ನುತ್ತಿದ್ದರು. ನಾನೂ ಅದನ್ನೇ ಅನ್ನುತ್ತಿದ್ದೆ. ಎಚ್ಎಂಟಿಯ ಪುಸ್ತಕದಲ್ಲಿ ಹುಡುಕಿ ಉತ್ತರ ಸಿಗುವ ಪ್ರಶ್ನೆ ಅದಲ್ಲ. ಕೀಲಿ ಕೊಡುವ ಗಡಿಯಾರದ ಕಾಲ ಮುಗಿಯುತ್ತಿತ್ತು, ಟೈಟಾನ್ ಕ್ವಾರ್ಟ್ಜ್ ಮೇಲೆ ಪಣ ಕಟ್ಟಿತ್ತು. ಅದನ್ನು ತಿಳಿಯಲು ಆ ಹುಡುಗ ಅವೆನ್ಯೂ ರಸ್ತೆಯ ಗಡಿಯಾರದಂಗಡಿಯಲ್ಲಿ ಎರಡು ಸಂಜೆ ನಿಂತು ಗಿರಾಕಿಗಳು ಏನು ಕೇಳುತ್ತಾರೆಂದು ನೋಡಿದ್ದರೆ ಸಾಕಿತ್ತೇನೋ. ಎಚ್ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರಲ್ಲಿ. ಆ ಹುಡುಗನ ಸರ್ವೀಸು ಅಷ್ಟು ಹೊತ್ತಿಗೆ ಮುಗಿಯುತ್ತ ಬಂದಿರುತ್ತಿತ್ತು, ಅದೂ ಮಾತಿಗೆ ಬರಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಅಣ್ಣ ಕೇಳಿದ್ದು ನ್ಯಾಯವಾದ ಮಾತು: “ಕೈಯಲ್ಲಿ ಇನ್ನೊಂದು ಕೆಲಸ ಇದ್ದವನಿಗೆ ನಿನ್ನ ಉಪದೇಶ. ಇಲ್ಲದವನು ಲೆಕ್ಕ ನೋಡಿ ಏನು ಮಾಡ್ತಾನೆ?” ಸಾಲ ಕೊಡದೇ ಇರುವ ಸ್ವಾತಂತ್ರ್ಯ ಬ್ಯಾಂಕಿಗಿದೆ, ಹಸಿದವನಿಗಿಲ್ಲ. ಒಪ್ಪಿದೆ. ಆದರೆ ಕೊಡಲೇಬೇಕಾದಾಗಲೂ ಎಷ್ಟು ಕೊಡಬೇಕು ಎಂಬುದೊಂದು ಉಳಿಯುತ್ತದಲ್ಲ.

ಆ ರಾತ್ರಿ ಹುಡುಗನೂ ನಾನೂ ಕೂತು ಪಿಎಫ್ ಜಾಲತಾಣದಲ್ಲಿ ಅವನ ಕಂಪನಿಯ ಹೆಸರು ಹಾಕಿದೆವು. ಒಂದು ವರ್ಷದಲ್ಲಿ ತಲೆಗಳು ಮೂರನೇ ಒಂದು ಭಾಗ ಕಡಿಮೆಯಾಗಿದ್ದವು. ಇಂಟರ್‌ವ್ಯೂನಲ್ಲಿ ಕೊನೆಗೆ, ಕೇಳುವುದೇನಾದರೂ ಇದೆಯಾ ಅಂದಾಗ ಇವನು ಅದನ್ನೇ ಕೇಳಿದನಂತೆ. ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ವಿಭಾಗ ಮುಚ್ಚಿದ್ದು ನಿಜ, ಈ ವಿಭಾಗದಲ್ಲಿ ಇನ್ನೆರಡು ವರ್ಷಕ್ಕೆ ಆರ್ಡರ್ ಇದೆ ಅಂದರು. ಬೇರೆ ಕೆಲಸ ಕೈಯಲ್ಲಿರಲಿಲ್ಲ, ಸೇರಿಕೊಂಡ. ಕಂತಿನ ಮೇಲೆ ತೆಗೆಯಬೇಕೆಂದು ಬುಕ್ ಮಾಡಿದ್ದ ಬೈಕನ್ನು ಮಾತ್ರ ಕ್ಯಾನ್ಸಲ್ ಮಾಡಿ, ಅತ್ತಿಗೆಯ ಹಳೇ ಸ್ಕೂಟರಿನಲ್ಲಿ ಓಡಾಡುತ್ತಿದ್ದಾನೆ.