ನಾಲ್ಕು ಜಿಬಿ ಕೊಂಡವರಿಗೆ ದಕ್ಕಿದ್ದು ಮೂರೂಕಾಲು

ವಿಂಡೋಸ್ 7ರ ಕಾಲದಲ್ಲಿ ಹಳೆಯ ಕಂಪ್ಯೂಟರಿಗೆ ರ‍್ಯಾಮ್ ಹಾಕಿಸಿಕೊಂಡ ಅನೇಕರಿಗೆ ಪರದೆಯ ಮೇಲೆ ವಿಚಿತ್ರ ಲೆಕ್ಕವೊಂದು ಕಾಣುತ್ತಿತ್ತು: ಇರುವುದು 4 ಜಿಬಿ, ಬಳಕೆಗೆ ಸಿಗುವುದು 3.25ರ ಆಸುಪಾಸು. ಅಂಗಡಿಯವನೇ ಟೋಪಿ ಹಾಕಿದ ಎಂದುಕೊಂಡವರೂ ಇದ್ದರು. ಪಾಪ, ಅವನದೇನೂ ತಪ್ಪಿರಲಿಲ್ಲ.

ಮೆಮೊರಿಯ ಪ್ರತಿ ಬೈಟ್‌ಗೂ ಒಂದು ವಿಳಾಸ ಬೇಕು. ಆ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಇದ್ದದ್ದು 32 ಬಿಟ್ ವಿಂಡೋಸ್. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು ಸುಮಾರು 429 ಕೋಟಿ, ಅಂದರೆ ಸರಿಯಾಗಿ 4 ಜಿಬಿ. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್‌ಗಳಿಗೂ ಇದರಲ್ಲೇ ಪಾಲು ಕೊಡಬೇಕು. ಅವು ತೆಗೆದುಕೊಂಡಷ್ಟು ವಿಳಾಸ ರ‍್ಯಾಮ್‌ಗೆ ತಪ್ಪುತ್ತದೆ. ಚಿಪ್ ಅಲ್ಲೇ ಇರುತ್ತದೆ, ಪ್ರೊಸೆಸರ್‌ಗೆ ಎಟುಕುವುದಿಲ್ಲ. ತಲಾ 1 ಜಿಬಿಯ ಎರಡು ಗ್ರಾಫಿಕ್ಸ್ ಕಾರ್ಡ್‌ಗಳಿದ್ದ ಗೇಮಿಂಗ್ ಯಂತ್ರವೊಂದರಲ್ಲಿ 4 ಜಿಬಿ ಪೈಕಿ ಬರೀ 2.2 ಜಿಬಿ ಉಳಿದದ್ದನ್ನು ಮೈಕ್ರೋಸಾಫ್ಟ್‌ನ ಮಾರ್ಕ್ ರುಸಿನೋವಿಚ್ 2008ರಲ್ಲಿ ಬರೆದು ತೋರಿಸಿದ್ದರು.

ಆದರೆ ಎಲ್ಲವನ್ನೂ ಗಣಿತದ ತಲೆಗೆ ಕಟ್ಟುವಂತಿಲ್ಲ. ಇಂಟೆಲ್‌ನ ಪೆಂಟಿಯಂ ಪ್ರೊ 1995ರಲ್ಲೇ 36 ಬಿಟ್ ವಿಳಾಸ ತಂದು, ಮಿತಿಯನ್ನು 64 ಜಿಬಿಗೆ ಏರಿಸಿತ್ತು. ವಿಂಡೋಸ್ ಸರ್ವರ್ 2003ರ ಎಂಟರ್‌ಪ್ರೈಸ್ ಆವೃತ್ತಿ 32 ಬಿಟ್‌ನದ್ದೇ ಆದರೂ ಈ ಸೌಲಭ್ಯವನ್ನು ಬಳಸಿಕೊಂಡಿತು. ಮನೆಮನೆಯ ಎಕ್ಸ್‌ಪಿ ಮಾತ್ರ 4 ಜಿಬಿಯಲ್ಲೇ ಉಳಿಯಿತು. 4 ಜಿಬಿಗಿಂತ ಮೇಲಿನ ವಿಳಾಸ ಎದುರಾಗುತ್ತದೆ ಎಂದು ವಿಡಿಯೊ, ಆಡಿಯೊ ಡ್ರೈವರ್ ಬರೆದವರು ಎಣಿಸಿರಲಿಲ್ಲ. ಎದುರಾದಾಗ ಕಂಪ್ಯೂಟರೇ ಕುಸಿಯುತ್ತಿತ್ತು. ಅದಕ್ಕೇ ಮೈಕ್ರೋಸಾಫ್ಟ್ 4 ಜಿಬಿಗೇ ನಿಲ್ಲಿಸಿತು. ಆ ಎಚ್ಚರಿಕೆ ನ್ಯಾಯವಾದದ್ದೇ.

ವಿಂಡೋಸ್ 7ರ ಸ್ಟಾರ್ಟರ್ ಆವೃತ್ತಿಗೆ 2 ಜಿಬಿಯ ಗೆರೆ ಎಳೆದದ್ದಕ್ಕೆ ಆ ನೆಪವೂ ಇಲ್ಲ. ಅದೇ ವಿಂಡೋಸ್ 7ರ 64 ಬಿಟ್ ಹೋಮ್ ಬೇಸಿಕ್‌ಗೆ 8, ಹೋಮ್ ಪ್ರೀಮಿಯಂಗೆ 16, ಪ್ರೊಫೆಷನಲ್‌ಗೆ 192 ಜಿಬಿ. ಇದು ತಂತ್ರಜ್ಞಾನವಲ್ಲ, ದರಪಟ್ಟಿ.

ಇನ್ನು ಹಾರ್ಡ್‌ವೇರ್ ಅಡ್ಡ ನಿಂತರೆ ಸಾಫ್ಟ್‌ವೇರ್ ಏನೂ ಮಾಡಲಾರದು. 2006ರ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಕೋರ್ 2 ಡ್ಯುಯೊ ಪ್ರೊಸೆಸರ್ 64 ಬಿಟ್‌ನದ್ದು, ಅದರ ಜೊತೆಗಿದ್ದ ಇಂಟೆಲ್ 945 ಚಿಪ್‌ಸೆಟ್ ಮಾತ್ರ 4 ಜಿಬಿಯ ಆಚೆ ನೋಡಲಾರದ್ದು. 64 ಬಿಟ್ ವಿಂಡೋಸ್ ಹಾಕಿದರೂ ಸಿಗುತ್ತಿದ್ದದ್ದು 3 ಜಿಬಿ ಚಿಲ್ಲರೆಯೇ.

ವಿಂಡೋಸ್ 11 ಬಂದದ್ದೇ 64 ಬಿಟ್‌ನಲ್ಲಿ ಮಾತ್ರ. ಹಾಗಾಗಿ ಹಳೆಯ ಗೋಡೆ ಬಿದ್ದಿದೆ. ಈಗಿನ ಗೋಡೆ ಬೆಸುಗೆಯದು. ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಮದರ್‌ಬೋರ್ಡ್‌ಗೇ ಬೆಸೆದಿರುತ್ತಾರೆ. ಕೊಂಡ ದಿನ ಎಷ್ಟಿತ್ತೋ ಅಷ್ಟೇ. ಜಾಹೀರಾತಿನಲ್ಲಿ '8 ಜಿಬಿ' ಎಂಬುದು ದಪ್ಪಕ್ಷರದಲ್ಲಿರುತ್ತದೆ, ಮುಂದೆ ಹೆಚ್ಚಿಸಲಾಗದು ಎಂಬುದನ್ನು ಹುಡುಕಬೇಕಾಗುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ನಿವ್ವಳ ತೂಕ ಮುದ್ರಿಸಲೇಬೇಕೆಂಬ ಕಾನೂನಿರುವ ದೇಶದಲ್ಲಿ, ಲ್ಯಾಪ್‌ಟಾಪ್ ಪೆಟ್ಟಿಗೆಯ ಮೇಲೆ ಖಾಲಿ ಸ್ಲಾಟ್ ಎಷ್ಟು, ಗರಿಷ್ಠ ರ‍್ಯಾಮ್ ಎಷ್ಟು ಎಂಬ ಎರಡು ಸಾಲುಗಳನ್ನೂ ಕಡ್ಡಾಯ ಮಾಡುವುದು ಕಷ್ಟವೇನಲ್ಲ.