ಅದು ಸೋಮಾರಿತನ ಅಲ್ಲ, ಕಾಯಿಲೆ

ಜ್ವರ ಬಂದರೆ ಹಣೆ ಮುಟ್ಟಿ ನೋಡಬಹುದು. ಕಾಲು ಮುರಿದರೆ ಬ್ಯಾಂಡೇಜು ಕಾಣುತ್ತದೆ. ಸಕ್ಕರೆ ಕಾಯಿಲೆಗೆ ಒಂದು ರಿಪೋರ್ಟು ಉಂಟು. ಆದರೆ ಆಯಾಸಕ್ಕೆ ಎಂತ ತೋರಿಸುವುದು? ಮನೆಯಲ್ಲಿ ಒಬ್ಬಳು ಸೊಸೆ ಹತ್ತು ಗಂಟೆಗೇ ಮಲಗಿಕೊಂಡರೆ, ಪಾತ್ರೆ ಅರ್ಧ ತೊಳೆದು ಕೂತುಬಿಟ್ಟರೆ, ನಮ್ಮಲ್ಲಿ ಮೊದಲು ಬರುವ ಮಾತು ಒಂದೇ: "ಈಗಿನವರಿಗೆ ಕೆಲಸ ಮಾಡ್ಲಿಕ್ಕೆ ಉದಾಸೀನ." ಆ ಮಾತು ಎಷ್ಟೋ ಸಲ ಒಬ್ಬ ರೋಗಿಯ ಮೇಲೆ ಬೀಳುತ್ತದೆ ಎಂಬುದು ನಮಗೆ ಗೊತ್ತೇ ಆಗುವುದಿಲ್ಲ.

ಈ ವಾರ ಅಂಥ ಒಂದು ಕಾಯಿಲೆಯ ಬಗ್ಗೆ ಮಾತಾಡುವ. ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂ.ಎಸ್. ಪ್ಯಾರಿಸಿನ ವೈದ್ಯ ಶಾರ್ಕೋ 1868ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ವಿವರವಾಗಿ ಹೇಳಿದವರು. ನಮ್ಮ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಿಗೆ ಕರೆಂಟಿನ ವಯರಿಗೆ ಇದ್ದ ಹಾಗೆ ಒಂದು ಹೊದಿಕೆ ಇದೆ. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ದಾರಿ ತಪ್ಪಿ ಈ ಹೊದಿಕೆಯನ್ನು ಅಲ್ಲಲ್ಲಿ ಕೆಡಿಸುತ್ತದೆ. ಆಗ ಕಣ್ಣು ಮಂಜಾಗಬಹುದು, ಕೈಕಾಲು ಜೋಮು ಹಿಡಿಯಬಹುದು, ನಡಿಗೆ ತಪ್ಪಬಹುದು. ಹೆಚ್ಚಾಗಿ ಶುರುವಾಗುವುದು 20ರಿಂದ 40ರ ಪ್ರಾಯದಲ್ಲಿ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಅಂದರೆ ಮದುವೆ, ಹೆರಿಗೆ, ಚಿಕ್ಕ ಮಕ್ಕಳು, ಅತ್ತೆಮನೆಯ ಜವಾಬ್ದಾರಿ ಎಲ್ಲ ಒಟ್ಟಿಗೆ ಇರುವ ಪ್ರಾಯದಲ್ಲಿಯೇ ಇದು ಬರುತ್ತದೆ.

ಈ ರೋಗದಲ್ಲಿ ಅತಿ ಹೆಚ್ಚು ಜನರನ್ನು ಕಾಡುವ ತೊಂದರೆಗಳಲ್ಲಿ ಒಂದು ಆಯಾಸ. ನಾವು ಮದುವೆ ಮನೆಯ ಕೆಲಸ ಮುಗಿಸಿ ಬಂದಾಗ ಆಗುವ ಸುಸ್ತು ಬೇರೆ. ಅದು ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಇದು ಎದ್ದಾಗಲೇ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಏರುತ್ತದೆ. ಕೆಲಸ ಮಾಡದಿದ್ದರೂ ಬರುತ್ತದೆ. ಕೈ ಎತ್ತಲಿಕ್ಕೆ ಭಾರ, ಮಾತಿಗೆ ಶಬ್ದ ಸಿಗುವುದಿಲ್ಲ, ಒಲೆಯಲ್ಲಿ ಇಟ್ಟದ್ದು ಮರೆತುಹೋಗುತ್ತದೆ. ಹೊದಿಕೆ ಕೆಟ್ಟ ನರಗಳಲ್ಲಿ ಅದೇ ಚಿಕ್ಕ ಕೆಲಸಕ್ಕೂ ಮೆದುಳು ಹೆಚ್ಚು ದುಡಿಯಬೇಕು. ಹೊರಗಿಂದ ನೋಡಿದವರಿಗೆ ಮಾತ್ರ ಎಂತದೂ ಕಾಣುವುದಿಲ್ಲ.

ಇದರ ಮೇಲೆ ನಿದ್ದೆಯ ಕಷ್ಟ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಕಾಲಿನ ಸ್ನಾಯು ಸೆಟೆದು ಎಚ್ಚರವಾಗುತ್ತದೆ. ಕೆಲವರಿಗೆ ಮಲಗಿದ ಕೂಡಲೇ ಕಾಲು ಆಡಿಸದೆ ಇರಲಾಗದ ಚಡಪಡಿಕೆ. ನೋವು, ಗೊರಕೆಯ ನಡುವೆ ಉಸಿರು ಕಟ್ಟುವುದು, ಮನಸ್ಸಿನ ಖಿನ್ನತೆ ಇವೂ ಸೇರುತ್ತವೆ. ಹಾಸಿಗೆಯಲ್ಲಿ ಎಂಟು ಗಂಟೆ ಇದ್ದವಳು ನಿಜವಾಗಿ ಮಲಗಿದ್ದು ನಾಲ್ಕೇ ಗಂಟೆ ಇರಬಹುದು. "ಮಲಗಿಯೇ ಇರ್ತಾಳಲ್ಲ" ಎನ್ನುವವರು ಈ ಲೆಕ್ಕ ನೋಡಬೇಕು.

ನಮ್ಮ ಕರಾವಳಿಯವರು ಮುಖ್ಯವಾಗಿ ತಿಳಿಯಬೇಕಾದ ಇನ್ನೊಂದು ವಿಷಯ ಸೆಕೆ. ಮೈ ಬಿಸಿಯಾದಾಗ ಈ ರೋಗಿಗಳ ತೊಂದರೆ ಹೆಚ್ಚುತ್ತದೆ. ಮೈ ದಣಿಸಿದಾಗ ಇವರ ಕಣ್ಣು ಸ್ವಲ್ಪ ಹೊತ್ತು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ 1890ರಲ್ಲಿ ಬರೆದಿಟ್ಟರು, ಅದಕ್ಕೆ ಮೈ ಬಿಸಿಯಾಗುವುದೇ ಕಾರಣ ಎಂಬುದು ಆಮೇಲೆ ತಿಳಿಯಿತು. ಸ್ಕ್ಯಾನಿಂಗ್ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಕಾಯಿಲೆ ಪತ್ತೆ ಮಾಡುತ್ತಿದ್ದದ್ದೂ ಉಂಟು. ಹಾಗಾದರೆ ಏಪ್ರಿಲ್, ಮೇ ತಿಂಗಳಲ್ಲಿ ಬೆವರು ಆರದ ನಮ್ಮ ಊರಿನಲ್ಲಿ, ಕಿಟಕಿ ಕಡಿಮೆ ಇರುವ ಅಡುಗೆಮನೆಯಲ್ಲಿ, ಇಪ್ಪತ್ತು ಜನರಿಗೆ ಪತ್ತಿರಿ ಸುಡುವವಳ ಸ್ಥಿತಿ ಏನಾಗಬೇಡ! ಸಮಾಧಾನದ ವಿಷಯವೆಂದರೆ ಸೆಕೆಯಿಂದ ಏರಿದ್ದು ಮೈ ತಂಪಾದಾಗ ಇಳಿಯುತ್ತದೆ. ಆದರೆ ಜ್ವರವಿಲ್ಲದೆ ಹೊಸ ತೊಂದರೆಯೊಂದು 24 ಗಂಟೆಗಿಂತ ಹೆಚ್ಚು ನಿಂತರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಬೇಕು.

"ಸುಸ್ತಿಗೆ ಒಂದು ಗುಳಿಗೆ ಕೊಡಿ" ಎಂದು ಕೇಳುವವರಿದ್ದಾರೆ. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ, ಈ ಆಯಾಸಕ್ಕೆ ಬಳಸುವ ಅಮಂಟಡಿನ್, ಮೊಡಾಫಿನಿಲ್, ಮಿಥೈಲ್‌ಫೆನಿಡೇಟ್ ಎಂಬ ಮೂರೂ ಮದ್ದುಗಳು ಔಷಧವಿಲ್ಲದ ಬರೀ ಗುಳಿಗೆಗಿಂತ ಹೆಚ್ಚು ಪ್ರಯೋಜನ ಕೊಡಲಿಲ್ಲ. ರೋಗ ಮರುಕಳಿಸುವುದನ್ನು ಕಡಿಮೆ ಮಾಡುವ ಒಳ್ಳೆಯ ಮದ್ದುಗಳು ಈಗ ಉಂಟು, ಅದನ್ನು ಬೇಗ ಶುರು ಮಾಡಬೇಕು, ಸ್ವಂತ ತೀರ್ಮಾನದಿಂದ ನಿಲ್ಲಿಸಬಾರದು. ಆದರೆ ಆಯಾಸದ ಮಟ್ಟಿಗೆ ದೊಡ್ಡ ಮದ್ದು ಇರುವುದು ಮೆಡಿಕಲ್ಲಿನಲ್ಲಿ ಅಲ್ಲ, ಮನೆಯ ವ್ಯವಸ್ಥೆಯಲ್ಲಿ.

ಮೊದಲು, ಆಯಾಸಕ್ಕೆ ಬೇರೆ ಕಾರಣ ಉಂಟಾ ಎಂದು ವೈದ್ಯರಲ್ಲಿ ಕೇಳಬೇಕು. ರಕ್ತಹೀನತೆ, ಥೈರಾಯ್ಡ್, ಮೂತ್ರದ ಸೋಂಕು, ಖಿನ್ನತೆ ಇವಕ್ಕೆಲ್ಲ ಚಿಕಿತ್ಸೆ ಇದೆ. ರಾತ್ರಿ ಮೂತ್ರ, ಕಾಲು ಸೆಟೆತ, ಗೊರಕೆಯ ಬಗ್ಗೆ ನಾಚಿಕೆಪಡದೆ ಹೇಳಬೇಕು. ನೀರು ಕಡಿಮೆ ಕುಡಿಯುವುದು ಪರಿಹಾರವಲ್ಲ. ಹಗಲಲ್ಲಿ ಸರಿಯಾಗಿ ಕುಡಿದು, ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡಬೇಕು. ಅಸರ್ ನಂತರ ಚಹಾ ಬೇಡ.

ಎರಡನೆಯದು, ಕೆಲಸದ ಹಂಚಿಕೆ. ಭಾರದ ಕೆಲಸ ಬೆಳಗಿನ ತಂಪಿನಲ್ಲಿ, ತರಕಾರಿ ಹೆಚ್ಚುವುದು ಕುಳಿತುಕೊಂಡು, ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ವಿಶ್ರಾಂತಿ. ಪೂರ್ತಿ ಸುಸ್ತಾದ ಮೇಲೆ ಮಲಗುವುದಲ್ಲ, ಸುಸ್ತಾಗುವ ಮೊದಲೇ ಕೂರಬೇಕು. ಮಧ್ಯಾಹ್ನದ ಖೈಲೂಲ ನಮ್ಮ ಹಿರಿಯರ ರೂಢಿಯೇ. ಅರ್ಧ ಗಂಟೆ ಸಾಕು, ಸಂಜೆವರೆಗೆ ಎಳೆದರೆ ರಾತ್ರಿ ನಿದ್ದೆ ಕೆಡುತ್ತದೆ. ಹಾಗೆಂದು ಹಾಸಿಗೆಯಲ್ಲೇ ಇರುವುದೂ ಒಳ್ಳೆಯದಲ್ಲ. ಶಕ್ತಿಗೆ ತಕ್ಕ ನಡಿಗೆ, ವ್ಯಾಯಾಮ ಆಯಾಸವನ್ನು ಇಳಿಸುತ್ತದೆ. ತಣ್ಣೀರ ಸ್ನಾನ, ಕುತ್ತಿಗೆಗೆ ಒದ್ದೆ ಬಟ್ಟೆ, ಒಂದು ಫ್ಯಾನು ಇವು ದೊಡ್ಡ ಖರ್ಚಿನವೂ ಅಲ್ಲ.

ಗಲ್ಫಿನಲ್ಲಿರುವ ಗಂಡಂದಿರಿಗೂ ಒಂದು ಮಾತು. ಜಿದ್ದಾದಲ್ಲಿ ಡ್ಯೂಟಿ ಮುಗಿಸಿ ರಾತ್ರಿ ಹತ್ತಕ್ಕೆ ನೀವು ಫೋನ್ ಮಾಡುವಾಗ ಇಲ್ಲಿ ಹನ್ನೆರಡೂವರೆ ಆಗಿರುತ್ತದೆ. ಅವಳು ನಿಮಗಾಗಿ ಎಚ್ಚರ ಕೂತಿರುತ್ತಾಳೆ. ದಿನಾ ಒಂದೇ ಹೊತ್ತಿಗೆ ಮಲಗಿ ಒಂದೇ ಹೊತ್ತಿಗೆ ಏಳುವುದು ಈ ರೋಗಿಗೆ ಬಹಳ ಮುಖ್ಯ. ಮಾತು ಮಧ್ಯಾಹ್ನದ ಬ್ರೇಕಿನಲ್ಲಿ ಆಗಲಿ. ನೋಡಲು ಬರುವ ಸಂಬಂಧಿಕರಿಗೂ ಹೇಳುವುದು ಇಷ್ಟೆ: ರೋಗಿಯ ಭೇಟಿ ಪುಣ್ಯದ ಕೆಲಸ, ಆದರೆ ಹತ್ತು ನಿಮಿಷ ಸಾಕು. ಅವಳೇ ಎದ್ದು ನಿಮಗೆ ಶರಬತ್ತು ಮಾಡುವ ಹಾಗೆ ಆಗಬಾರದು.

ರಮಳಾನಿನಲ್ಲಿ ಈ ಕಷ್ಟ ಇಮ್ಮಡಿ. ಸಹರಿಗೆ ಏಳುವುದರಿಂದ ನಿದ್ದೆ ತುಂಡಾಗುತ್ತದೆ, ಮದ್ದಿನ ಹೊತ್ತು ಬದಲಾಗುತ್ತದೆ, ಸಂಜೆ ಇಫ್ತಾರಿನ ಅಡುಗೆ ಬೇರೆ. ಉಪವಾಸದಿಂದ ರೋಗ ಹೆಚ್ಚಾಗುವುದಾದರೆ ಬಿಡಲು ಶರೀಅತ್ ಅನುಮತಿ ಕೊಟ್ಟಿದೆ. ವಾಸಿಯಾದರೆ ಖಳಾ, ವಾಸಿಯಾಗುವ ನಿರೀಕ್ಷೆ ಇಲ್ಲದ ರೋಗಕ್ಕೆ ಫಿದ್‌ಯಾ. ನಿಲ್ಲಲು ಆಗದವರಿಗೆ ಕೂತು, ಕೂರಲು ಆಗದವರಿಗೆ ಮಲಗಿ ನಮಾಝ್. ಕೆಲವರು ಉಪವಾಸ ಹಿಡಿಯಲೂ ಸಾಧ್ಯವಾಗಬಹುದು. ಅದನ್ನು ಅವಳು, ಅವಳ ವೈದ್ಯರು ಮತ್ತು ಉಸ್ತಾದರು ಸೇರಿ ನಿರ್ಧರಿಸಲಿ, ಪಕ್ಕದ ಮನೆಯವರಲ್ಲ. ಕಣ್ಣು ತಾಗಿದೆ, ಬಾಧೆ ಉಂಟು ಎಂದು ತಿಂಗಳುಗಟ್ಟಲೆ ಅಲೆದಾಡಿ ಚಿಕಿತ್ಸೆಗೆ ತಡ ಮಾಡುವುದೂ ಸರಿಯಲ್ಲ. ದುಆ ಮಾಡಿ, ಜೊತೆಗೆ ಮದ್ದೂ ಮಾಡಿ. ಮದ್ದು ಮಾಡುವುದು ತವಕ್ಕುಲಿಗೆ ವಿರುದ್ಧವಲ್ಲ.

ಸರಕಾರ ಈ ಕಾಯಿಲೆಯನ್ನು ಒಪ್ಪಿಕೊಂಡಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಎರಡೂ ಇವೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಮೀಸಲಾತಿಯಂಥ ಸೌಲಭ್ಯಗಳಿಗೆ ವೈಕಲ್ಯ ಶೇ. 40ಕ್ಕಿಂತ ಕಡಿಮೆ ಇರಬಾರದು. ಅರ್ಜಿ ತುಂಬಿಸಲು ಜಮಾಅತಿನ ಯುವಕರು ನೆರವಾಗಬೇಕು.

ಕಾನೂನು ಒಪ್ಪಿದ್ದನ್ನು ಮನೆ ಒಪ್ಪದಿದ್ದರೆ ಕಾರ್ಡಿನಿಂದ ಏನು ಪ್ರಯೋಜನ? "ಕೆಲಸಕ್ಕೆ ಆಗದವಳು" ಎಂದು ತವರಿಗೆ ಕಳುಹಿಸುವ ಮಾತು ಬರುವ ಮೊದಲು, ಅತ್ತೆ ಮಾವ ಒಮ್ಮೆ ಅವಳ ಜೊತೆ ವೈದ್ಯರ ಬಳಿ ಹೋಗಿ ಕೂತುಕೊಳ್ಳಲಿ. ಗಂಡುಮಕ್ಕಳು ಪಾತ್ರೆ ತೊಳೆಯಲಿ, ಬಟ್ಟೆ ಒಣಗಿಸಲಿ. ಇದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ಅವಳು "ಆಗ್ತಾ ಇಲ್ಲ" ಎಂದಾಗ "ಹೌದಾ, ಮಲಗು" ಎನ್ನುವ ಒಬ್ಬರಾದರೂ ಆ ಮನೆಯಲ್ಲಿ ಇರಬೇಕು. ಎಲ್ಲ ರೋಗಿಗಳಿಗೂ ಅಲ್ಲಾಹನು ಶಿಫಾ ನೀಡಲಿ, ಆಮೀನ್.